ಒಡೆಯುವ ದನಿಯೂ ಹಿರಿಯರ ಹೊಣೆಯೂ



ಮಗುವಿಗೆ ಮೊದಲ ಹಲ್ಲು ಮೂಡಿದರೆ ಮನೆಯವರೆಲ್ಲ ಸಂತೋಷಪಡುತ್ತಾರೆ. ತೊದಲು ನುಡಿದರೆ ನೆರೆಹೊರೆಯವರನ್ನು ಕರೆದು ಕೇಳಿಸುತ್ತಾರೆ. ಹಾಲುಹಲ್ಲು ಉದುರಿ ಬಾಯಿ ಬೊಚ್ಚಾಗಿ ಕಂಡಾಗ ಅದನ್ನು ಯಾರೂ ರೋಗವೆನ್ನುವುದಿಲ್ಲ. ಹೊಸ ಹಲ್ಲು ಬರುತ್ತದೆಂದು ಎಲ್ಲರೂ ಬಲ್ಲರು. ಆದರೆ ಅದೇ ಮಗು ಹದಿಮೂರು ಹದಿನಾಲ್ಕರ ಪ್ರಾಯಕ್ಕೆ ಬಂದು, ತುಟಿಯ ಮೇಲೆ ಮೀಸೆ ಚಿಗುರಿ, ಕಂಠ ಒಡೆದು, ಮಾತು ಒಮ್ಮೆ ಮೇಲಕ್ಕೂ ಒಮ್ಮೆ ಕೆಳಕ್ಕೂ ಹಾರತೊಡಗಿತೆಂದರೆ, ಹೆತ್ತವರೇ ನಗುತ್ತಾರೆ. ಅಕ್ಕತಂಗಿಯರು ಅಣಕಿಸುತ್ತಾರೆ. ಶಾಲೆಯಲ್ಲಿ ಪಾಠ ಓದಲು ಎದ್ದು ನಿಂತರೆ ತರಗತಿಗೆ ತರಗತಿಯೇ ಗೊಳ್ಳೆನ್ನುತ್ತದೆ. ಈ ನಗೆಯಲ್ಲಿ ಯಾರಿಗೂ ಕೇಡು ಬಗೆಯುವ ಉದ್ದೇಶವಿಲ್ಲವೆಂಬುದು ದಿಟ. ಆದರೂ ಅದು ಕೆಲವು ಮಕ್ಕಳ ಬಾಯನ್ನು ಶಾಶ್ವತವಾಗಿ ಕಟ್ಟಿಹಾಕಬಲ್ಲದು. ಆದಕಾರಣ ಕಂಠವೆಂಬುದು ಏನು, ಅದು ದನಿಯನ್ನು ಹೇಗೆ ಹುಟ್ಟಿಸುತ್ತದೆ, ಹರೆಯದಲ್ಲಿ ಅದಕ್ಕೆ ಆಗುವುದಾದರೂ ಏನು ಎಂಬುದನ್ನು ತಿಳಿದುಕೊಳ್ಳುವುದು ಮಕ್ಕಳನ್ನು ಬೆಳೆಸುವ ಪ್ರತಿಯೊಬ್ಬರಿಗೂ ಅವಶ್ಯಕವೆಂದು ನಾವು ಭಾವಿಸುತ್ತೇವೆ.

ಮಠದ ಪ್ರಸಾದ ನಿಲಯದಲ್ಲಿ ಈ ಸಂಗತಿಯನ್ನು ಪ್ರತಿವರ್ಷವೂ ಕಾಣುತ್ತೇವೆ. ಐದನೆಯ ತರಗತಿಗೆ ಬಂದು ಸೇರುವ ಹುಡುಗರ ಕಂಠ ಗಂಟೆ ಬಾರಿಸಿದಂತಿರುತ್ತದೆ. ಬೆಳಗಿನ ಸಾಮೂಹಿಕ ಪ್ರಾರ್ಥನೆಯಲ್ಲಿ ಮುಂದಿನ ಸಾಲು ಅವರದೇ. ಏಳನೆಯ ತರಗತಿ ಮುಗಿಯುವ ಹೊತ್ತಿಗೆ ಒಬ್ಬೊಬ್ಬರಾಗಿ ಹಿಂದಿನ ಸಾಲಿಗೆ ಸರಿಯುತ್ತಾರೆ. ಎಂಟನೆಯದರಲ್ಲಿ ಕೆಲವರು ಬಾಯನ್ನೇ ತೆರೆಯುವುದಿಲ್ಲ. ಕೆಲವು ವರ್ಷಗಳ ಹಿಂದೆ, ಪ್ರಾರ್ಥನೆಯ ತಂಡಕ್ಕೆ ಮೊದಲಿಗನಾಗಿದ್ದ ಹುಡುಗನೊಬ್ಬ ಸಂಜೆ ಬಂದು ಅಡ್ಡಬಿದ್ದು, "ಅಜ್ಜಾರ, ನನ್ನ ಹಾಡೂದರಿಂದ ಬಿಡಸ್ರಿ. ನನ್ನ ದನಿ ಕೆಟ್ಟೈತ್ರಿ. ಹುಡುಗ್ರು ನಗತಾರ್ರಿ" ಎಂದು ಕಣ್ಣಲ್ಲಿ ನೀರು ತಂದನು. ವಿಚಾರಿಸಿದಾಗ, ಅವನು ತಿಂಗಳಿಂದಲೂ ತರಗತಿಯಲ್ಲಿ ಪ್ರಶ್ನೆಗೆ ಉತ್ತರ ಗೊತ್ತಿದ್ದರೂ ಕೈಯೆತ್ತುತ್ತಿಲ್ಲವೆಂದು ತಿಳಿಯಿತು. ಊರಿನಲ್ಲಿ ಅವನ ತಾಯಿ, ಮಗ ಹುಣಿಸೆಹಣ್ಣು ತಿಂದು ಗಂಟಲು ಕೆಡಿಸಿಕೊಂಡನೆಂದು ತಿಳಿದು, ಬಜೆ ತೇಯ್ದು ನೆಕ್ಕಿಸಿದ್ದಳಂತೆ. ಇಷ್ಟಕ್ಕೂ ಆ ಮಗುವಿನ ಗಂಟಲು ಕೆಟ್ಟಿರಲಿಲ್ಲ, ಬೆಳೆಯುತ್ತಿತ್ತು. ಈ ಎರಡರ ವ್ಯತ್ಯಾಸವನ್ನು ಅವನಿಗೆ ಹೇಳುವವರು ಮನೆಯಲ್ಲಾಗಲಿ ಶಾಲೆಯಲ್ಲಾಗಲಿ ಯಾರೂ ಇರಲಿಲ್ಲ.

ಈಗ ಕಂಠದ ರಚನೆಯನ್ನು ನೋಡೋಣ. ಕುತ್ತಿಗೆಯ ಮುಂಭಾಗದಲ್ಲಿ, ಶ್ವಾಸನಾಳದ ತುದಿಗೆ ಕೂತಿರುವ ಒಂದು ಚಿಕ್ಕ ಗೂಡಿಗೆ ಧ್ವನಿಪೆಟ್ಟಿಗೆಯೆಂದು ಹೆಸರು. ಅದು ಎಲುಬಿನದಲ್ಲ, ಕಿವಿಯ ಹಾಲೆಯಂತೆ ಬಾಗುವ ಮೃದ್ವಸ್ಥಿಗಳಿಂದಾದುದು. ಮುಂದುಗಡೆ ಗುರಾಣಿಯಂತಹ ದೊಡ್ಡ ಮೃದ್ವಸ್ಥಿ, ಕೆಳಗೆ ಮುದ್ರೆಯುಂಗುರದಂತಹದು, ಹಿಂದೆ ಉಂಗುರದ ಮೇಲೆ ಅತ್ತಿತ್ತ ಜಾರುತ್ತ ಹೊರಳುವ ಎರಡು ಪುಟ್ಟ ಮೃದ್ವಸ್ಥಿಗಳು, ಮೇಲೆ ಎಲೆಯಾಕಾರದ ಒಂದು ಮುಚ್ಚಳ. ಗುರಾಣಿಯ ಒಳಮಗ್ಗುಲಿನಿಂದ ಹಿಂದಿನ ಪುಟ್ಟ ಮೃದ್ವಸ್ಥಿಗಳವರೆಗೆ ಎಡಬಲಕ್ಕೆ ಚಾಚಿಕೊಂಡಿರುವ ಎರಡು ಮಾಂಸದ ಮಡಿಕೆಗಳೇ ನಾವು ಧ್ವನಿತಂತುಗಳೆಂದು ಕರೆಯುವ ಅಂಗಗಳು. ಉಸಿರಾಡುವಾಗ ಇವು ಹಿಂದುಗಡೆ ಅಗಲವಾಗಿ ತೆರೆದುಕೊಂಡು ಮುಕ್ಕೋನದ ಬಾಗಿಲಾಗುತ್ತವೆ. ಮಾತನಾಡುವಾಗ ಒಂದಕ್ಕೊಂದು ತಾಗಿ ನಿಲ್ಲುತ್ತವೆ.

ಇವುಗಳ ಮೊದಲ ಕೆಲಸ ಮಾತಲ್ಲವೆಂಬುದನ್ನು ಇಲ್ಲಿ ನೆನೆಯಬೇಕು. ಅನ್ನನೀರು ದಾರಿ ತಪ್ಪಿ ಶ್ವಾಸಕೋಶಕ್ಕೆ ಇಳಿಯದಂತೆ ಕಾಯುವ ಬಾಗಿಲು ಇದು. ನುಂಗುವಾಗ ಮುಚ್ಚುತ್ತದೆ, ತಪ್ಪಿ ಒಳಹೊಕ್ಕದ್ದನ್ನು ಕೆಮ್ಮಿ ಹೊರದೂಡುತ್ತದೆ, ಭಾರದ ಮೂಟೆಯೆತ್ತುವಾಗ ಎದೆಯೊಳಗಿನ ಗಾಳಿಯನ್ನು ಹಿಡಿದಿಟ್ಟು ದೇಹಕ್ಕೆ ಬಿಗಿ ಕೊಡುತ್ತದೆ. ಪ್ರಾಣವನ್ನು ಕಾಯುವ ಇದೇ ಬಾಗಿಲನ್ನು ಮನುಷ್ಯನು ನುಡಿಗೂ ಹಾಡಿಗೂ ದುಡಿಸಿಕೊಂಡನು.

'ತಂತು' ಎಂಬ ಮಾತಿನಿಂದ ಅನೇಕರಿಗೆ ಒಂದು ತಪ್ಪು ಕಲ್ಪನೆ ಉಂಟಾಗಿದೆ. ಗಂಟಲಿನಲ್ಲಿ ವೀಣೆಯ ತಂತಿಯಂತಹವು ಕಟ್ಟಿರುತ್ತವೆ, ಉಸಿರು ಅವನ್ನು ಮೀಟುತ್ತದೆ ಎಂದು ಅವರು ತಿಳಿಯುತ್ತಾರೆ. ಈ ಕಲ್ಪನೆಯ ಮೂಲ ಫ್ರಾನ್ಸ್ ದೇಶದ ಆಂಟ್ವಾನ್ ಫೆರೈನ್ ಎಂಬ ಅಂಗರಚನಾ ಶಾಸ್ತ್ರಜ್ಞನದು. 1741ರಲ್ಲಿ ಆತನು ಈ ಮಡಿಕೆಗಳನ್ನು ತಂತಿವಾದ್ಯದ ತಂತಿಗಳಿಗೂ ಉಸಿರನ್ನು ಕಮಾನಿಗೂ ಹೋಲಿಸಿ ಅವಕ್ಕೆ ತಂತುಗಳೆಂಬ ಹೆಸರನ್ನಿತ್ತನು. ಹೆಸರು ಉಳಿಯಿತು, ಹೋಲಿಕೆ ನಿಲ್ಲಲಿಲ್ಲ. ನಮ್ಮ ಕೇಶಿರಾಜನು ಹದಿಮೂರನೆಯ ಶತಮಾನದ ತನ್ನ 'ಶಬ್ದಮಣಿದರ್ಪಣ'ದಲ್ಲಿ ಶಬ್ದದ ಉತ್ಪತ್ತಿಯನ್ನು ಹೇಳುವಾಗ ಕಹಳೆಯ ಹೋಲಿಕೆಯನ್ನು ತಂದಿದ್ದಾನೆ. ಶಬ್ದವನ್ನು ಒಂದು ದ್ರವ್ಯವೆಂದೂ ಅದು ನಾಭಿಮೂಲದಲ್ಲಿ ಜನಿಸುವುದೆಂದೂ ಆತ ಹೇಳುವುದು ಅವನ ಕಾಲದ ದರ್ಶನಕ್ಕೆ ಸೇರಿದ ವಿಚಾರ. ಆದರೆ ಕಹಳೆಯ ಹೋಲಿಕೆ ಇಂದಿನ ವಿಜ್ಞಾನಕ್ಕೂ ಒಪ್ಪುವಂತಿದೆ. ಕಹಳೆಯಲ್ಲಿ ತಂತಿಯಿಲ್ಲ, ಊದುವವನ ಬಿಗಿದ ತುಟಿಗಳ ನಡುವೆ ಗಾಳಿ ನುಗ್ಗಿ ತುಟಿಗಳೇ ಅದುರುತ್ತವೆ, ಉದ್ದನೆಯ ಕೊಳವೆ ಆ ಅದುರನ್ನು ನಾದವಾಗಿ ತುಂಬಿಕೊಳ್ಳುತ್ತದೆ. ಧ್ವನಿಪೆಟ್ಟಿಗೆಯ ಮಡಿಕೆಗಳು ಗಂಟಲೊಳಗಿನ ತುಟಿಗಳೇ ಸರಿ. ಮೇಲಿನ ಗಂಟಲು, ಬಾಯಿ, ಮೂಗುಗಳು ಕಹಳೆಯ ಕೊಳವೆ.

ಸಂಸ್ಕೃತ ಪಾಠಶಾಲೆಯಲ್ಲಿ ನಾವು ಪ್ರಾತಿಶಾಖ್ಯಗಳನ್ನು ಓದುವಾಗ, ಕಂಠ ಮುಚ್ಚಿದಾಗ ನಾದವೂ ತೆರೆದಾಗ ಶ್ವಾಸವೂ ಉಂಟಾಗುವುದೆಂಬ ವಿಧಿಯನ್ನು ಬಾಯಿಪಾಠ ಮಾಡಿದ್ದೆವು. ಅದರ ಅರ್ಥ ಪೂರ್ಣವಾಗಿ ತಿಳಿದದ್ದು ಮುಂದೆ ವಿಶ್ವವಿದ್ಯಾನಿಲಯದಲ್ಲಿ ಭಾಷಾಶಾಸ್ತ್ರದ ಪಾಠ ಕೇಳುವಾಗ. ಕಕಾರಕ್ಕೂ ಗಕಾರಕ್ಕೂ, ತಕಾರಕ್ಕೂ ದಕಾರಕ್ಕೂ ಇರುವ ಭೇದ ನಾಲಗೆಯದಲ್ಲ, ಈ ಮಡಿಕೆಗಳ ಅದುರಿನದು. ಓದುಗರು ಈಗಲೇ ಪರೀಕ್ಷಿಸಬಹುದು. ಗಂಟಲ ಮೇಲೆ ಎರಡು ಬೆರಳಿಟ್ಟು ಸಕಾರವನ್ನು ಎಳೆಯಿರಿ. ಬೆರಳಿಗೆ ಏನೂ ತಿಳಿಯದು. ಅನಂತರ ತುಟಿ ಮುಚ್ಚಿ ಮಕಾರವನ್ನು ಎಳೆಯಿರಿ. ಜೇನುಹುಳು ಮುಷ್ಟಿಯೊಳಗೆ ಸಿಕ್ಕಂತೆ ಬೆರಳು ಜುಮ್ಮೆನ್ನುವುದು. ಕನ್ನಡಿಯಾಗಲಿ ಯಂತ್ರವಾಗಲಿ ಇಲ್ಲದೆ, ತಮ್ಮ ಕಂಠವನ್ನೇ ಗಮನಿಸಿ, ನಮ್ಮ ಪ್ರಾಚೀನರು ಇದನ್ನು ಕಂಡುಕೊಂಡಿದ್ದರೆಂಬುದು ಹೆಮ್ಮೆಯ ವಿಷಯ. ಹಾಗೆಂದು ಎಲ್ಲವೂ ಅವರಿಗೆ ಗೊತ್ತಿತ್ತೆಂದು ಸಾಧಿಸಹೊರಡುವುದು ಅವರಿಗೆ ಮಾಡುವ ಗೌರವವಲ್ಲ.

ಬದುಕಿರುವ ಮನುಷ್ಯನ ಹಾಡುವ ಕಂಠವನ್ನು ಕಣ್ಣಾರೆ ಕಂಡು ವಿವರಿಸಿದ ಕೀರ್ತಿ ಮ್ಯಾನುಯೆಲ್ ಗಾರ್ಸಿಯಾ ಎಂಬ ಸಂಗೀತ ಶಿಕ್ಷಕನಿಗೆ ಸಲ್ಲುತ್ತದೆ. ಆತ ವೈದ್ಯನಲ್ಲ. 1854ರಲ್ಲಿ ಪ್ಯಾರಿಸ್ಸಿನಲ್ಲಿ, ದಂತವೈದ್ಯರು ಬಳಸುವ ಉದ್ದ ಹಿಡಿಯ ಪುಟ್ಟ ಕನ್ನಡಿಯನ್ನು ಗಂಟಲ ಹಿಂಬದಿಗೆ ಇಟ್ಟುಕೊಂಡು, ಇನ್ನೊಂದು ಕೈಗನ್ನಡಿಯಿಂದ ಸೂರ್ಯನ ಬೆಳಕನ್ನು ಅದರ ಮೇಲೆ ಬೀಳಿಸಿ, ತನ್ನ ಧ್ವನಿಮಡಿಕೆಗಳು ತೆರೆದು ಮುಚ್ಚುವುದನ್ನು ತಾನೇ ನೋಡಿದನು. ಮರುವರ್ಷ ಲಂಡನ್ನಿನ ರಾಯಲ್ ಸೊಸೈಟಿಗೆ ತಾನು ಕಂಡುದನ್ನು ಬರೆದು ಒಪ್ಪಿಸಿದನು. ನೂರೊಂದು ವರ್ಷ ಬಾಳಿದ ಆ ಗುರು ತನ್ನ ಶಿಷ್ಯರ ಕಂಠವನ್ನು ಕಾಪಾಡಲೆಂದೇ ಕಂಠದ ಒಳಗನ್ನು ತಿಳಿಯಹೊರಟವನು.

ದನಿ ಹುಟ್ಟುವ ಕ್ರಮ ಹೀಗಿದೆ. ಮಡಿಕೆಗಳು ಕೂಡಿಕೊಂಡಾಗ ಶ್ವಾಸಕೋಶದ ಗಾಳಿ ಕೆಳಗಿನಿಂದ ಒತ್ತುತ್ತದೆ. ಒತ್ತಡ ಸಾಲುವಷ್ಟಾದಾಗ ಮಡಿಕೆಗಳು ಕೆಳ ಅಂಚಿನಿಂದ ಮೇಲ್ಮುಖವಾಗಿ ಬಿಚ್ಚಿಕೊಂಡು ಒಂದು ಗುಕ್ಕು ಗಾಳಿಯನ್ನು ಬಿಡುತ್ತವೆ. ಗಾಳಿ ವೇಗವಾಗಿ ಹರಿದಾಗ ಅಲ್ಲಿ ಒತ್ತಡ ಇಳಿಯುತ್ತದೆ. ಎಳೆದ ಮಾಂಸ ತನ್ನ ಸ್ಥಿತಿಗೆ ಮರಳುತ್ತದೆ. ಬಾಗಿಲು ಮತ್ತೆ ಮುಚ್ಚುತ್ತದೆ. ಪುನಃ ಒತ್ತಡ, ಪುನಃ ಗುಕ್ಕು. ಹೀಗೆ ಕತ್ತರಿಸಿ ಕತ್ತರಿಸಿ ಬರುವ ಗಾಳಿಯೇ ದನಿಯ ಮೂಲದ್ರವ್ಯ. ಪ್ರತಿಯೊಂದು ಅದುರಿಗೂ ಮೆದುಳು ಪ್ರತ್ಯೇಕ ಅಪ್ಪಣೆ ಕೊಡುತ್ತದೆಂಬ ವಾದವೊಂದು 1950ರ ದಶಕದಲ್ಲಿ ಫ್ರಾನ್ಸಿನಲ್ಲಿ ಹುಟ್ಟಿತ್ತು. ಹಾಲೆಂಡಿನ ವಾನ್ ಡೆನ್ ಬರ್ಗ್ 1958ರಲ್ಲಿ ಗಾಳಿಯ ಹರಿವು ಮತ್ತು ಮಾಂಸದ ಸ್ಥಿತಿಸ್ಥಾಪಕತೆ ಇವೆರಡರಿಂದಲೇ ಅದುರು ತಾನಾಗಿ ನಡೆಯುತ್ತದೆಂಬ ಸಿದ್ಧಾಂತವನ್ನು ಮಂಡಿಸಿದನು. ಇಂದು ನೆಲೆನಿಂತಿರುವುದು ಅದೇ. ಮೆದುಳು ಮಾಡುವುದು ಮಡಿಕೆಗಳನ್ನು ಕೂಡಿಸುವ, ಬಿಗಿಯುವ, ಸಡಲಿಸುವ ಕೆಲಸ.

ಈ ಅದುರು ಎಷ್ಟು ವೇಗದ್ದೆಂದು ಕೇಳಿದರೆ ಆಶ್ಚರ್ಯವಾಗುತ್ತದೆ. ವಯಸ್ಕ ಗಂಡಸು ಸಹಜವಾಗಿ ಮಾತನಾಡುವಾಗ ಸೆಕೆಂಡಿಗೆ ಸುಮಾರು 120 ಬಾರಿ, ಹೆಂಗಸು ಸುಮಾರು 200 ಬಾರಿ, ಚಿಕ್ಕ ಮಕ್ಕಳು 250ರಿಂದ 300 ಬಾರಿ. ಸೆಕೆಂಡಿಗೆ 250ರಂತೆ ಒಂದು ಗಂಟೆ ಎಡೆಬಿಡದೆ ಸ್ವರ ಹಿಡಿದರೆ ಆ ಎಳೆಯ ಮಡಿಕೆಗಳು ಒಂಬತ್ತು ಲಕ್ಷ ಬಾರಿ ಒಂದನ್ನೊಂದು ತಾಗುತ್ತವೆ! ಜಾತ್ರೆ ಉತ್ಸವಗಳಲ್ಲಿ ಮಕ್ಕಳಿಂದ ಗಂಟೆಗಟ್ಟಲೆ ಘೋಷಣೆ ಹಾಕಿಸುವವರು ಈ ಲೆಕ್ಕವನ್ನು ಒಮ್ಮೆ ಮನಸ್ಸಿಗೆ ತಂದುಕೊಳ್ಳಬೇಕು.

ಸ್ವರದ ಏರಿಳಿತವನ್ನು ತಂಬೂರಿಯಿಂದ ತಿಳಿಯಬಹುದು. ಒಂದೇ ತಂತಿಯನ್ನು ಬಿಗಿದರೆ ಸ್ವರ ಏರುತ್ತದೆ. ಆದರೆ ಖರಜದ ತಂತಿ ಕೆಳಗಿನ ಷಡ್ಜವನ್ನು ನುಡಿಯುವುದು ಅದು ದಪ್ಪಗಿರುವುದರಿಂದ. ಕಂಠದಲ್ಲಿಯೂ ಹೀಗೆಯೇ. ಹಾಡುವಾಗ ನಾವು ಸ್ನಾಯುಗಳಿಂದ ಮಡಿಕೆಗಳನ್ನು ಎಳೆದು ಬಿಗಿದು ತಾರಕ್ಕೆ ಏರುತ್ತೇವೆ, ಸಡಲಿಸಿ ಮಂದ್ರಕ್ಕೆ ಇಳಿಯುತ್ತೇವೆ. ಇದು ಬಿರಡೆ ತಿರುಗಿಸುವ ಕೆಲಸ. ಹರೆಯದಲ್ಲಿ ಪ್ರಕೃತಿ ಬಿರಡೆಯನ್ನು ತಿರುಗಿಸುವುದಿಲ್ಲ, ತಂತಿಯನ್ನೇ ಬದಲಿಸುತ್ತದೆ.

ಹುಟ್ಟಿನಿಂದ ಹನ್ನೊಂದು ಹನ್ನೆರಡರವರೆಗೆ ಗಂಡು ಹೆಣ್ಣು ಮಕ್ಕಳ ಧ್ವನಿಪೆಟ್ಟಿಗೆಯಲ್ಲಿ ಹೇಳಿಕೊಳ್ಳುವಂತಹ ಅಂತರವಿಲ್ಲ. ಅನಂತರ ಮೆದುಳಿನ ಬುಡದಲ್ಲಿರುವ ಹೈಪೋಥಲಾಮಸ್ ಎಂಬ ಭಾಗ ಎಚ್ಚರಗೊಂಡು ಪಿಟ್ಯುಟರಿ ಗ್ರಂಥಿಗೆ ಸೂಚನೆ ಕೊಡುತ್ತದೆ. ಪಿಟ್ಯುಟರಿಯ ರಸಗಳು ವೃಷಣಗಳನ್ನು ಪ್ರೇರಿಸುತ್ತವೆ. ಅಲ್ಲಿಂದ ಟೆಸ್ಟೋಸ್ಟಿರೋನ್ ಎಂಬ ಹಾರ್ಮೋನು ರಕ್ತಕ್ಕೆ ಹರಿಯುತ್ತದೆ. ಮೀಸೆ ಚಿಗುರಿಸುವ, ತೋಳುಗಳಿಗೆ ಬಲ ತುಂಬುವ ಅದೇ ರಸ ಕಂಠದ ಮೃದ್ವಸ್ಥಿಗಳನ್ನೂ ಸ್ನಾಯುಗಳನ್ನೂ ಬೆಳೆಸುತ್ತದೆ. ಗುರಾಣಿ ಮೃದ್ವಸ್ಥಿಯ ಎರಡು ರೆಕ್ಕೆಗಳು ಹೆಂಗಸರಲ್ಲಿ ಸುಮಾರು 120 ಅಂಶದ ಅಗಲ ಕೋನದಲ್ಲಿ ಸೇರಿದರೆ, ಗಂಡಸರಲ್ಲಿ ಸುಮಾರು 90 ಅಂಶದ ಚೂಪು ಕೋನದಲ್ಲಿ ಸೇರುತ್ತವೆ. ಹುಡುಗರ ಕುತ್ತಿಗೆಯಲ್ಲಿ ಗಂಟಲಮಣಿ ಮುಂಚಾಚಿ ಕಾಣುವುದು ಇದರಿಂದಲೇ. ಗೂಡು ಹಿಂದುಮುಂದಾಗಿ ಉದ್ದವಾದಂತೆ ಒಳಗಿನ ಮಡಿಕೆಗಳೂ ಉದ್ದವಾಗುತ್ತವೆ, ದಪ್ಪವಾಗುತ್ತವೆ. ಈ ಕಾಲದಲ್ಲಿ ಹುಡುಗರ ಮಡಿಕೆಗಳು ಬೆಳೆಯುವ ಪ್ರಮಾಣ ಹುಡುಗಿಯರದಕ್ಕಿಂತ ಎರಡು ಪಟ್ಟಿಗೂ ಹೆಚ್ಚು. ಫಲವಾಗಿ ಸೆಕೆಂಡಿಗೆ 250 ಬಾರಿ ಅದುರುತ್ತಿದ್ದುದು 125ರ ಆಸುಪಾಸಿಗೆ ಇಳಿಯುತ್ತದೆ. ಸಂಗೀತದ ಮಾತಿನಲ್ಲಿ ಹೇಳುವುದಾದರೆ ಸರಿಯಾಗಿ ಒಂದು ಸ್ಥಾಯಿ ಇಳಿಕೆ: ಮೇಲಿನ ಷಡ್ಜದಿಂದ ಕೆಳಗಿನ ಷಡ್ಜಕ್ಕೆ.

ಇದರ ಜೊತೆಗೆ ಧ್ವನಿಪೆಟ್ಟಿಗೆ ಕುತ್ತಿಗೆಯಲ್ಲಿ ಕೆಳಗಿಳಿಯುತ್ತದೆ. ಮಡಿಕೆಯಿಂದ ತುಟಿಯವರೆಗಿನ ಕೊಳವೆ ಉದ್ದವಾಗಿ, ವಯಸ್ಕ ಗಂಡಸಿನಲ್ಲಿ ಸುಮಾರು 17 ಸೆಂಟಿಮೀಟರ್ ಆಗುತ್ತದೆ. ಆದಕಾರಣ ಗಂಡಸೂ ಹೆಂಗಸೂ ಒಂದೇ ಸ್ವರವನ್ನು ಹಿಡಿದರೂ ಯಾರ ದನಿ ಯಾವುದೆಂದು ಕಿವಿ ಗುರುತಿಸುತ್ತದೆ. ಪ್ರಕೃತಿ ಈ ಭೇದವನ್ನು ಏಕೆ ಮಾಡಿತೆಂಬುದಕ್ಕೆ ಡಾರ್ವಿನ್ 1871ರ ತನ್ನ ಗ್ರಂಥದಲ್ಲಿ ಸಂಗಾತಿಯ ಆಯ್ಕೆಯ ಕಾರಣವನ್ನು ಸೂಚಿಸಿದನು. ಗಂಭೀರ ದನಿ ದೇಹದ ಗಾತ್ರವನ್ನು ಸಾರುವ ಸಾಧನವೆಂದು ಈಚಿನ ಕೆಲವು ವಿಜ್ಞಾನಿಗಳ ಊಹೆ. ವಿದ್ವಾಂಸರಲ್ಲಿ ಇದರ ಚರ್ಚೆ ಇನ್ನೂ ನಡೆದಿದೆ.

ಹಾಗಾದರೆ ದನಿ ಒಡೆಯುವುದೇಕೆ? ಹುಡುಗನ ಮೆದುಳು ಹತ್ತು ಹನ್ನೆರಡು ವರ್ಷ ಚಿಕ್ಕ ಮಡಿಕೆಗಳನ್ನು ಆಡಿಸಿ ಪಳಗಿರುತ್ತದೆ. ಇಷ್ಟು ಬಿಗಿದರೆ ಇಷ್ಟು ಸ್ವರವೆಂಬ ಲೆಕ್ಕ ಅದಕ್ಕೆ ಕರಗತವಾಗಿರುತ್ತದೆ. ಕೆಲವೇ ತಿಂಗಳುಗಳಲ್ಲಿ ಮಡಿಕೆಯ ಅಳತೆಯೇ ಬದಲಾದಾಗ ಹಳೆಯ ಲೆಕ್ಕ ತಪ್ಪುತ್ತದೆ. ಕರುವಿನ ಗಾಡಿ ಹೊಡೆದವನ ಕೈಗೆ ಹೋರಿಯ ಗಾಡಿ ಕೊಟ್ಟಂತೆ. ಮಡಿಕೆಗಳನ್ನು ಮೊಟಕು ಮಾಡಿ ದಪ್ಪಗಾಗಿಸುವ ಸ್ನಾಯು ಒಂದು, ಎಳೆದು ತೆಳ್ಳಗಾಗಿಸುವ ಸ್ನಾಯು ಇನ್ನೊಂದು. ಇವೆರಡರ ಹೊಂದಾಣಿಕೆ ತಪ್ಪಿದಾಗ ದನಿ ಗಂಡುದನಿಯಿಂದ ಕೀರಲಿಗೆ ಥಟ್ಟನೆ ಜಿಗಿಯುತ್ತದೆ. ಕೆಲವೊಮ್ಮೆ ಬೆಳೆಯುತ್ತಿರುವ ಮಡಿಕೆಗಳು ಹಿಂಭಾಗದಲ್ಲಿ ಪೂರ್ತಿ ಕೂಡದೆ ಗಾಳಿ ಸೋರಿ, ದನಿ ಗೊಗ್ಗರಾಗುತ್ತದೆ. ಮೆದುಳು ಹೊಸ ಲೆಕ್ಕವನ್ನು ಕಲಿಯುವವರೆಗೆ ಈ ಗೊಂದಲ. ಸಾಮಾನ್ಯವಾಗಿ ತೀವ್ರವಾದ ಬದಲಾವಣೆ ಕೆಲವು ತಿಂಗಳಿಂದ ಒಂದು ವರ್ಷದೊಳಗೆ ಮುಗಿಯುತ್ತದೆ. ಹದಿನೇಳು ಹದಿನೆಂಟರ ಹೊತ್ತಿಗೆ ದನಿ ನೆಲೆಗೊಳ್ಳುತ್ತದೆ. ಹುಣಿಸೆಹಣ್ಣು ಇದಕ್ಕೆ ಕಾರಣವಲ್ಲ. ಬಜೆ, ಜ್ಯೇಷ್ಠಮಧು ಇದಕ್ಕೆ ಔಷಧವಲ್ಲ. ರೋಗವಲ್ಲದುದಕ್ಕೆ ಔಷಧವೆಲ್ಲಿಯದು?

ಹೆಣ್ಣುಮಕ್ಕಳ ದನಿಯೂ ಈ ವಯಸ್ಸಿನಲ್ಲಿ ಎರಡು ಮೂರು ಸ್ವರದಷ್ಟು ಇಳಿಯುತ್ತದೆ. ಕೆಲಕಾಲ ಗಾಳಿ ಬೆರೆತಂತೆ ಕೇಳುತ್ತದೆ. ಇದನ್ನು ಯಾರೂ ಗಮನಿಸದಿರುವುದರಿಂದ ಹಾಡುವ ಹುಡುಗಿ ತನ್ನ ಶಾರೀರ ಹಾಳಾಯಿತೆಂದು ಒಳಗೊಳಗೇ ಕೊರಗುವುದುಂಟು. ಇನ್ನು ಸಹಜವಾಗಿಯೇ ದಪ್ಪ ದನಿಯುಳ್ಳ ಹೆಣ್ಣುಮಗಳನ್ನೂ, ತೆಳು ದನಿಯುಳ್ಳ ಗಂಡುಮಗನನ್ನೂ ನಮ್ಮ ಸಮಾಜ ಬಾಳೆಲ್ಲ ಹಂಗಿಸುತ್ತದೆ. ನಮ್ಮ ಹುಬ್ಬಳ್ಳಿಯ ಗಂಗೂಬಾಯಿ ಹಾನಗಲ್ಲರ (1913–2009) ಕಂಠವನ್ನು ನೆನೆಯಿರಿ. 1930ರ ದಶಕದ ಅವರ ಗ್ರಾಮಫೋನ್ ಮುದ್ರಿಕೆಗಳಲ್ಲಿ ಕೇಳುವುದು ತೆಳುವಾದ ಎತ್ತರದ ದನಿ. ಮುಂದೆ ಗಂಟಲಿನ ಚಿಕಿತ್ಸೆಯ ಬಳಿಕ ಅದು ಗಂಡಸರ ದನಿಯಷ್ಟು ಗಂಭೀರವಾಯಿತು. ಅವರು ಹಾಡು ನಿಲ್ಲಿಸಲಿಲ್ಲ. ಬಂದ ದನಿಯನ್ನೇ ಸಾಧನೆಯಿಂದ ಹದಗೊಳಿಸಿದರು. ದೇಶ ತಲೆದೂಗಿದ್ದು ಆ ದಪ್ಪ ದನಿಗೇ.

ದನಿಯ ಚೆಲುವಿಗಾಗಿ ಮಕ್ಕಳನ್ನು ಸಾಕಿ, ದನಿ ಒಡೆದೊಡನೆ ಅವರನ್ನು ಮರೆಯುವುದು ಎಷ್ಟು ಕ್ರೂರವಾಗಬಹುದೆಂಬುದಕ್ಕೆ ಇತಿಹಾಸದಲ್ಲಿ ನಿದರ್ಶನಗಳಿವೆ. ಆಸ್ಟ್ರಿಯಾದ ಮಹಾ ಸಂಗೀತಗಾರ ಜೋಸೆಫ್ ಹೈಡನ್ (1732–1809) ಬಡವರ ಮನೆಯ ಹುಡುಗ. ವಿಯೆನ್ನಾದ ಸಂತ ಸ್ಟೀಫನ್ನರ ಕೆಥೆಡ್ರಲಿನ ಬಾಲಗಾಯಕರ ತಂಡದಲ್ಲಿ ಹಾಡಿಕೊಂಡಿದ್ದನು. ಕಂಠ ಒಡೆದ ಮೇಲೆ, ಜೊತೆಯ ಹುಡುಗನೊಬ್ಬನ ಜುಟ್ಟು ಕತ್ತರಿಸಿದ ಚೇಷ್ಟೆಯೇ ನೆಪವಾಗಿ, 1749ರಲ್ಲಿ ಅವನನ್ನು ಹೊರಹಾಕಿದರು. ಹದಿನೇಳರ ಹುಡುಗ, ಕೈಯಲ್ಲಿ ಕಾಸಿಲ್ಲ. ಗಾಯಕನೊಬ್ಬ ತನ್ನ ಇಕ್ಕಟ್ಟಿನ ಮನೆಯಲ್ಲಿ ಜಾಗ ಕೊಡದಿದ್ದರೆ ಅವನ ಗತಿಯೇನಾಗುತ್ತಿತ್ತೋ! ಅದೇ ಹುಡುಗ ಮುಂದೆ ನೂರಕ್ಕೂ ಹೆಚ್ಚು ಸಿಂಫೊನಿಗಳನ್ನು ರಚಿಸಿದನು. ಹೊರದೂಡಿದವರು ಕಳೆದುಕೊಂಡದ್ದು ಎಂತಹ ನಿಧಿಯನ್ನು!

ಇದಕ್ಕಿಂತಲೂ ಘೋರವಾದುದು ಇಟಲಿಯ ಕಥೆ. ಇಗರ್ಜಿಯ ಗಾಯನತಂಡಗಳಲ್ಲಿ ಹೆಂಗಸರಿಗೆ ಪ್ರವೇಶವಿರಲಿಲ್ಲ. ಎತ್ತರದ ಸ್ವರ ಬೇಕು. ಹುಡುಗರ ದನಿಯೋ ಬೇಗ ಒಡೆಯುವಂತಹದು. ಹದಿನಾರನೆಯ ಶತಮಾನದಿಂದ ಮೊದಲುಗೊಂಡು, ಚೆನ್ನಾಗಿ ಹಾಡುವ ಬಡ ಹುಡುಗರ ವೃಷಣಗಳನ್ನು ಹರೆಯಕ್ಕೆ ಮುಂಚೆಯೇ ನಿಷ್ಕ್ರಿಯಗೊಳಿಸುವ ಪದ್ಧತಿ ಅಲ್ಲಿ ಬೆಳೆಯಿತು. ಧರ್ಮಶಾಸನ ಅದನ್ನು ಖಂಡಿಸುತ್ತಿತ್ತು. ಧರ್ಮಸ್ಥಾನಗಳು ಅಂತಹ ಗಾಯಕರನ್ನು ಸಂಬಳ ಕೊಟ್ಟು ಇಟ್ಟುಕೊಳ್ಳುತ್ತಿದ್ದವು. ಎತ್ತರದ ಸ್ವರಗಳಿಗೆ ಹುಡುಗರನ್ನೇ ಬಳಸಬೇಕೆಂದು ಹತ್ತನೆಯ ಪಯಸ್ ಪೋಪರ ಆದೇಶ ಬಂದದ್ದು 1903ರಲ್ಲಿ. ಅಂತಹ ಗಾಯಕರಲ್ಲಿ ಕೊನೆಯವನೆಂದು ಹೆಸರಾದ ಅಲೆಸ್ಸಾಂದ್ರೊ ಮೊರೆಸ್ಕಿಯ ದನಿ 1902 ಮತ್ತು 1904ರ ಮುದ್ರಿಕೆಗಳಲ್ಲಿ ಇಂದಿಗೂ ಕೇಳಸಿಗುತ್ತದೆ. ಆತ ತೀರಿಕೊಂಡದ್ದು 1922ರಲ್ಲಿ. ಅನ್ಯಧರ್ಮದವರ ದೋಷವನ್ನು ಎತ್ತಿ ಆಡಬೇಕೆಂದು ನಾವು ಇದನ್ನು ಹೇಳುತ್ತಿಲ್ಲ. ದೇವರ ಹೆಸರಿನಲ್ಲಿ ಹಾಡಿಸುವ ಯಾವುದೇ ಸಂಸ್ಥೆಯೂ, ಹಾಡಿಗಿಂತ ಹಾಡುವ ಮಗು ದೊಡ್ಡದೆಂಬುದನ್ನು ಮರೆತರೆ ಎಲ್ಲಿಗೆ ಮುಟ್ಟಬಹುದೆಂಬ ಎಚ್ಚರಿಕೆ ನಮಗೆಲ್ಲರಿಗೂ ಬೇಕು.

ನಮ್ಮ ನಾಡಿನ ನಾಟಕ ಕಂಪನಿಗಳಲ್ಲಿಯೂ ಸ್ತ್ರೀಪಾತ್ರಗಳನ್ನು ಹುಡುಗರು ವಹಿಸುತ್ತಿದ್ದ ಕಾಲವೊಂದಿತ್ತು. ಕಂಠ ಒಡೆದ ಹುಡುಗನಿಗೆ ಬೇರೆ ಪಾತ್ರ ಕೊಡುವುದೋ ಮನೆಗೆ ಕಳುಹಿಸುವುದೋ ಯಜಮಾನನ ಮನಸ್ಸಿಗೆ ಬಿಟ್ಟದ್ದು. ಧಾರವಾಡದ ಮಲ್ಲಿಕಾರ್ಜುನ ಮನ್ಸೂರರು (1910–1992) ಬಾಲ್ಯದಲ್ಲಿ ಕಂಪನಿ ನಾಟಕಗಳಲ್ಲಿ ಹಾಡಿದವರೇ. ಬಾಲಕಂಠದ ಕಾಲ ಮುಗಿಯಿತೆಂದು ಅವರ ಹಾಡೂ ಮುಗಿಯಲಿಲ್ಲ. ಎಂಬತ್ತು ದಾಟುವವರೆಗೂ ನಡೆಯಿತು. ಕೈಹಿಡಿಯುವ ಗುರುಗಳು ದೊರೆತರೆ ಒಡೆದ ದನಿ ಹಾಡಿನ ಕೊನೆಯಲ್ಲ.

ನಮ್ಮ ಪಾಲಿಗೆ ಅಂತಹ ಕೈ ದೊರೆತದ್ದನ್ನು ಇಲ್ಲಿ ಸ್ಮರಿಸುವುದು ಉಚಿತ. ಪ್ರೌಢಶಾಲೆಯಲ್ಲಿದ್ದಾಗ ಶಿಕ್ಷಕರೊಬ್ಬರು, ಗಣರಾಜ್ಯೋತ್ಸವದ ಹಾಡಿನ ತಂಡದಿಂದ ನಮ್ಮನ್ನು ತೆಗೆಯಲು ಮನಸ್ಸಾಗದೆ, "ನೀನು ಬಾಯಿ ಅಷ್ಟೇ ಆಡಿಸು, ದನಿ ಹೊರಡಿಸಬೇಡ" ಎಂದಿದ್ದರು. ಒಂದು ವರ್ಷ ಬಾಯಿ ಆಡಿಸಿದ್ದಾಯಿತು. ಆಗ ಮಠದ ಭಜನೆಗೆ ಬರುತ್ತಿದ್ದ ಪೆಟ್ಟಿಗೆ ಮಾಸ್ತರರು, ನಾಟಕ ಕಂಪನಿಗಳಲ್ಲಿ ಹಾರ್ಮೋನಿಯಂ ನುಡಿಸಿ ಮುಪ್ಪಾದವರು, ಇದನ್ನು ಗಮನಿಸಿದರು. ಹೆಚ್ಚು ಮಾತಿಲ್ಲದೆ ನಮ್ಮನ್ನು ಹತ್ತಿರ ಕೂರಿಸಿಕೊಂಡು, ಒಂದೊಂದಾಗಿ ಮನೆಗಳನ್ನು ಒತ್ತುತ್ತ ಕೆಳಗಿಳಿದು, ನಮ್ಮ ದನಿ ಸಲೀಸಾಗಿ ನಿಲ್ಲುವ ಸ್ವರವನ್ನು ಹುಡುಕಿ, "ಇದು ಈಗ ನಿನ್ನ ಸಾ. ಮುಂದಿನ ತಿಂಗಳು ಬೇರೆ ಇದ್ದೀತು, ಮತ್ತೆ ಹುಡುಕೋಣ" ಎಂದರು. ಪೀಠದಲ್ಲಿ ಕುಳಿತು ಸಾವಿರ ಜನರೆದುರು ಪ್ರವಚನ ಮಾಡುವ ದಿನಗಳಲ್ಲಿ ಆ ಮುದುಕರ ಮಾತು ಎಷ್ಟೋ ಸಲ ನೆನಪಾಗಿದೆ. ಅವರು ನಮಗೆ ಸಂಗೀತ ಕಲಿಸಲಿಲ್ಲ. ಬದಲಾಗುತ್ತಿರುವುದು ಕೆಡುತ್ತಿರುವುದಲ್ಲವೆಂಬುದನ್ನು ಕಲಿಸಿದರು.

ಈಗ ಈ ವಿಷಯದ ತುರ್ತು ಹೆಚ್ಚಿದೆ. ಹದಿನೆಂಟನೆಯ ಶತಮಾನದಲ್ಲಿ ಬಾಖ್ ನಡೆಸುತ್ತಿದ್ದ ಲೈಪ್ಸಿಗ್ ನಗರದ ಗಾಯನತಂಡದ ದಾಖಲೆಗಳನ್ನು ಪರಿಶೀಲಿಸಿದ ವಿದ್ವಾಂಸರು, ಅಲ್ಲಿಯ ಹುಡುಗರ ದನಿ ಹದಿನಾರು ಹದಿನೇಳರ ಆಸುಪಾಸಿನಲ್ಲಿ ಒಡೆಯುತ್ತಿತ್ತೆಂದು ಕಂಡುಕೊಂಡಿದ್ದಾರೆ. ಡೆನ್ಮಾರ್ಕಿನ ಕೋಪನ್‌ಹೇಗನ್ನಿನ ಗಾಯನಶಾಲೆಯಲ್ಲಿ 1994ರಿಂದ 2003ರವರೆಗೆ ಗಮನಿಸಿದಾಗ ಅದು ಹದಿನಾಲ್ಕರ ಸುತ್ತಮುತ್ತ ಇದ್ದು, ಆ ಹತ್ತು ವರ್ಷಗಳಲ್ಲಿಯೇ ಇನ್ನೂ ಕೆಲವು ತಿಂಗಳು ಮುಂಚೆ ಬಂದಿತ್ತು. ಹೊಟ್ಟೆತುಂಬ ಆಹಾರ, ಕಡಿಮೆಯಾದ ರೋಗರುಜಿನ ಇದಕ್ಕೆ ಮುಖ್ಯ ಕಾರಣಗಳು. ಹೈಡನ್ನನ ಕಂಠ ಅಷ್ಟು ತಡವಾಗಿ ಒಡೆದದ್ದು ಆ ಕಾಲಕ್ಕೆ ವಿಚಿತ್ರವಲ್ಲ. ಎಂದರೆ, ಹಿಂದೆ ಅರ್ಧ ಗಂಡಸಾದವನಿಗೆ ಬರುತ್ತಿದ್ದ ಬದಲಾವಣೆ ಇಂದು ಇನ್ನೂ ಮಗುವಾಗಿರುವ ಏಳು ಎಂಟನೆಯ ತರಗತಿಯ ಹುಡುಗನಿಗೆ ಬರುತ್ತಿದೆ. ದೇಹ ಮುಂದೆ ಓಡುತ್ತದೆ, ಮನಸ್ಸು ಹಿಂದೆ ಉಳಿಯುತ್ತದೆ. ಅವನಿಗೆ ಹಿರಿಯರ ವಿವರಣೆ ಹೆಚ್ಚು ಬೇಕಾಗಿದೆ.

ಆದಕಾರಣ ತಂದೆತಾಯಿಗಳಲ್ಲಿಯೂ, ಶಿಕ್ಷಕರಾಗಿ ಊರೂರುಗಳಲ್ಲಿ ನೆಲೆಸಿರುವ ನಮ್ಮ ಪ್ರಸಾದ ನಿಲಯದ ಹಳೆಯ ವಿದ್ಯಾರ್ಥಿಗಳಲ್ಲಿಯೂ ನಮ್ಮ ವಿನಂತಿ ಇಷ್ಟು. ದನಿ ಒಡೆಯುವ ಮೊದಲೇ, ಹೀಗಾಗುತ್ತದೆಂದು ಮಗುವಿಗೆ ತಿಳಿಸಿರಿ. ತಂದೆಯೋ ಅಣ್ಣನೋ ಸೋದರಮಾವನೋ ತನಗೂ ಹೀಗಾಗಿತ್ತೆಂದು ಹೇಳಿದರೆ ಅರ್ಧ ಭಯ ಕಳೆಯಿತು. ಹಾಡುವ ಮಗುವಿನ ಹಾಡನ್ನು ನಿಲ್ಲಿಸಬೇಡಿರಿ; ಶ್ರುತಿಯನ್ನು ಇಳಿಸಿರಿ, ವೇಳೆಯನ್ನು ಕಡಿಮೆ ಮಾಡಿರಿ, ನೋವಾದೊಡನೆ ನಿಲ್ಲಿಸಲು ಹೇಳಿರಿ. ಹಳೆಯ ಎತ್ತರವನ್ನು ಮುಟ್ಟೆಂದು ಒತ್ತಾಯಿಸಬೇಡಿರಿ. ಕಿರುಚಿ ಹಾಡಿದರೆ ಮಡಿಕೆಗಳ ಮೇಲೆ ಗಂಟುಗಳೇಳುತ್ತವೆ. ನೀರನ್ನು ಧಾರಾಳವಾಗಿ ಕುಡಿಸಿರಿ. ತರಗತಿಯಲ್ಲಿ ಮಕ್ಕಳು ನಕ್ಕರೆ ಗದರಿಸುವುದರ ಬದಲು ಪಾಠ ನಿಲ್ಲಿಸಿ, ಕಂಠದ ರಚನೆಯನ್ನು ಹಲಗೆಯ ಮೇಲೆ ಬರೆದು ತೋರಿಸಿರಿ. ನಕ್ಕವನ ಸರದಿ ಮುಂದಿನ ವರ್ಷ ಬರುತ್ತದೆ!

ಕೆಲವು ಸಂದರ್ಭಗಳಲ್ಲಿ ವೈದ್ಯರನ್ನು ಕಾಣಬೇಕು. ಒಂಬತ್ತು ವರ್ಷ ತುಂಬುವ ಮೊದಲೇ ಹುಡುಗನಲ್ಲಿ ಪ್ರಾಯದ ಲಕ್ಷಣಗಳು ಕಂಡರೆ, ಅಥವಾ ಹದಿನಾಲ್ಕು ತುಂಬಿದರೂ ಒಂದೂ ಕಾಣದಿದ್ದರೆ, ಸಂಕೋಚವಿಲ್ಲದೆ ತೋರಿಸಿರಿ. ದೇಹವೆಲ್ಲ ಬೆಳೆದು ಗಂಟಲಮಣಿ ಮೂಡಿದ್ದರೂ ಯುವಕನ ದನಿ ಬಾಲಕನ ಎತ್ತರದಲ್ಲಿಯೇ ಸಿಕ್ಕಿಕೊಳ್ಳುವುದುಂಟು. ಅಂತಹವರಲ್ಲಿ ಅನೇಕರಿಗೆ ಅಂಗದೋಷವಿರುವುದಿಲ್ಲ. ಹಳೆಯ ಅಭ್ಯಾಸ ಬಿಟ್ಟಿರುವುದಿಲ್ಲ. ವಾಕ್‌ಚಿಕಿತ್ಸಕರ ಬಳಿ ಅಭ್ಯಾಸ ಮಾಡಿದರೆ ಬಹುಮಂದಿಗೆ ಸರಿಹೋಗುತ್ತದೆ. ಮೈಸೂರಿನಲ್ಲಿ 1960ರ ದಶಕದಲ್ಲಿ ಸ್ಥಾಪನೆಯಾದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಂತಹ ಹೆಸರಾಂತ ಸಂಸ್ಥೆ ನಮ್ಮ ನಾಡಿನಲ್ಲಿಯೇ ಇರುವಾಗ, ಒಬ್ಬ ಯುವಕ ದನಿಗಾಗಿ ನಾಚಿ ಕೆಲಸದ ಸಂದರ್ಶನಕ್ಕೆ ಹೋಗದೆ ಮನೆಯಲ್ಲಿ ಕೂರುವುದು ಸರಿಯಲ್ಲ. ಹಾಗೆಯೇ, ಹರೆಯದವರಾಗಲಿ ವಯಸ್ಸಾದವರಾಗಲಿ, ನೆಗಡಿಯಿಲ್ಲದೆ ದನಿ ಮೂರು ವಾರಕ್ಕೂ ಮೀರಿ ಗೊಗ್ಗರಾಗಿಯೇ ಉಳಿದರೆ ತಡಮಾಡಬಾರದು. ಎಡಗಡೆಯ ಧ್ವನಿಮಡಿಕೆಯ ನರ ಎದೆಯೊಳಗೆ ಇಳಿದು ಮಹಾಧಮನಿಯನ್ನು ಬಳಸಿ ಮೇಲೇರಿ ಬರುವುದರಿಂದ, ಎದೆಯ ರೋಗ ಸಹ ಮೊದಲು ಕಂಠದಲ್ಲಿ ಕಾಣಿಸಿಕೊಳ್ಳಬಹುದು. ತಂಬಾಕು ಸೇವಿಸುವವರಂತೂ ಇದನ್ನು ಅಲಕ್ಷಿಸಲೇಬಾರದು.

ನಮ್ಮ ಪ್ರಸಾದ ನಿಲಯದಲ್ಲಿ ಈಗ ಬೆಳಗಿನ ಪ್ರಾರ್ಥನೆಯನ್ನು ಎರಡು ಶ್ರುತಿಗಳಲ್ಲಿ ನಡೆಸುತ್ತೇವೆ. ಚಿಕ್ಕ ಮಕ್ಕಳ ಸಾಲು ಒಂದು. ದನಿ ಒಡೆದವರ ಸಾಲು ಇನ್ನೊಂದು. ಎರಡನೆಯ ಸಾಲು ಇನ್ನೂ ಒರಟಾಗಿಯೇ ಇದೆ. ಕೆಲವರು ಅಪಸ್ವರ ಹಾಡುತ್ತಾರೆ, ಕೆಲವರು ನಡುವೆ ನಿಲ್ಲಿಸಿ ಮತ್ತೆ ಹಿಡಿಯುತ್ತಾರೆ. ಹೊರಗಿನಿಂದ ಬಂದ ಭಕ್ತರೊಬ್ಬರು, ಮೊದಲಿನ ಇಂಪು ಉಳಿದಿಲ್ಲವೆಂದು ಆಕ್ಷೇಪಿಸಿದರು. ಪ್ರಾರ್ಥನೆ ಕೇಳುವವರ ಕಿವಿಗಾಗಿ ಇರುವುದಲ್ಲವೆಂದು ಅವರಿಗೆ ತಿಳಿಸಿದೆವು. ನಿಮ್ಮ ಊರಿನ ಭಜನಾ ಮಂಡಳಿಗಳಲ್ಲಿ, ಶಾಲೆಗಳಲ್ಲಿ, ಮನೆಗಳಲ್ಲಿ ಹಿಂದಿನ ಸಾಲಿಗೆ ಸರಿದು ಬಾಯಿ ಮುಚ್ಚಿ ಕುಳಿತ ಹುಡುಗನು ಒಬ್ಬನಾದರೂ ಇರುತ್ತಾನೆ. ಅವನನ್ನು ಹುಡುಕಿ ಹತ್ತಿರ ಕೂರಿಸಿಕೊಳ್ಳಿರಿ. ಅವನ ಈಗಿನ ಷಡ್ಜ ಯಾವುದೆಂದು ಕೇಳಿರಿ.